ಗೋಡೆ ತ್ಯಾಗ ಮಾಡಿದ ರಾಮವ್ವನ ಸತ್ಕಾರ

ರಾಮವ್ವ: ಆ ಶಾಲು ನನ್ನ ಹೆಗಲಿಗೆ ತಂದ್ರ ನೋಡ್ರಿ, ಒಲಿಗೆ ಹಾಕಿ ಬಿಡ್ತೀನಿ! ಅಯ್ಯ, ಒಲೀನೂ ನಿಮ್ಮ ಜೆಸಿಬಿ ಬಾಯಾಗ ಹೋತಲ್ಲ.

ಪಂಚಾಯ್ತಿ ಅಧ್ಯಕ್ಷ ಶಿದ್ಲಿಂಗಪ್ಪನವರು ಹಾರ ಹಿಡಿದು ನಕ್ಕರು. ಗೋಕಾಕದ ಹತ್ತಿರದ ನಮ್ಮ ಹಳ್ಳಿಯಲ್ಲಿ ಗಟಾರ ತೆಗೆಸಲು ಮೊನ್ನೆ ಅವರೇ ಮುಂದೆ ನಿಂತು ಜೆಸಿಬಿಗೆ ದಾರಿ ತೋರಿಸಿದ್ದರು. ಕೆಡವಬೇಕಾದದ್ದು ಹಿಂದಿನ ಓಣಿಯ ಒತ್ತುವರಿ ಗೋಡೆ. ಕೆಡವಿದ್ದು ರೊಟ್ಟಿ ಮಾರಿ ಬದುಕುವ ರಾಮವ್ವನ ಅಡಿಗೆಮನೆಯ ಗೋಡೆ. ಸಾಲದ್ದಕ್ಕೆ ಮೈಕಿನಲ್ಲಿ, "ಅಕಿ ಸರಕಾರಿ ಜಾಗಾ ನುಂಗಿದ್ಳು" ಎಂದೂ ಸಾರಿಬಿಟ್ಟರು. ಅಳತೆಯವನು ಬಂದು ಜಾಗ ರಾಮವ್ವನದೇ ಎಂದ. ಅದಕ್ಕೇ ಈಗ ಮುರಿದ ಗೋಡೆಯ ಮುಂದೆ ಬ್ಯಾನರು, ಮೈಕು, ಸತ್ಕಾರ.

ಶಿದ್ಲಿಂಗಪ್ಪ: ಸಿಟ್ಟ ಬ್ಯಾಡ ಯವ್ವಾ. ಹೊಸಾ ಗ್ವಾಡಿ ಕಟ್ಟಸ್ತೇವಿ. ಊರ ಸಲುವಾಗಿ ಗ್ವಾಡಿ ತ್ಯಾಗ ಮಾಡೀದಿ, ಅದಕ್ಕ ಈ ಮಾನ.

ರಾಮವ್ವ: ತ್ಯಾಗ ನಾ ಎಲ್ಲಿ ಮಾಡೇನ್ರಿ? ನಾ ಒಳಗ ರೊಟ್ಟಿ ಬಡ್ಯಾಕತ್ತಿದ್ದೆ. ನೀವು ಹೊರಗ ನಿಂತು "ಹೊಡಿ, ಹೊಡಿ" ಅಂತ ಕೈ ಮಾಡಾಕತ್ತಿದ್ರಿ.

ಶಾಲು ಹಿಡಿದು ಕೈಸೋತಿದ್ದ ಸದಸ್ಯ ಹೊಳೆಪ್ಪ ನಡುವೆ ಬಾಯಿ ಹಾಕಿದ.

ಹೊಳೆಪ್ಪ: ನಿನ್ನ ಗ್ವಾಡಿ ಬಿದ್ದಾಗಿಂದ ಅಧ್ಯಕ್ಷರಿಗೆ ನಿದ್ದಿ ಇಲ್ಲಬೇ!

ರಾಮವ್ವ: ಪಾಪ! ಇಲ್ಲೇ ಬಂದು ಮಲ್ಕೊಳ್ಳಾಕ ಹೇಳಪಾ. ಈಗ ನಮ್ಮನಿಯಾಗ ಗಾಳಿ ಭಾಳ ಛಲೋ ಬರ್ತೈತಿ.

ಶಿದ್ಲಿಂಗಪ್ಪ: ಮತ್ತ ನಿನಗ ಬೇಕಾದ್ದಾರ ಏನು?

ರಾಮವ್ವ: ಅದ ಮೈಕಿನ್ಯಾಗ, ಇದ ಮಂದಿ ಮುಂದ, "ರಾಮವ್ವ ಕಳ್ಳಿ ಅಲ್ಲ, ನಂದ ತಪ್ಪಾತು" ಅನ್ರಿ. ರೊಟ್ಟಿ ಒಯ್ಯಾಕ ಬರ್ತಿದ್ದವ್ರೂ ನನ್ನ ನೋಡಿ ನಗಾಕತ್ತಾರ.

ಶಿದ್ಲಿಂಗಪ್ಪ: ಅಷ್ಟ ಅಲ್ಲೇನು? (ಮೈಕು ಹಿಡಿದು) ಬಂಧುಗಳೇ, ನಡೀಬಾರದ ಘಟನಾ ನಡದೈತಿ. ಯಾರ ಮನಸಿಗಾದ್ರೂ ನೋವಾಗಿದ್ರ ವಿಷಾದ ಐತಿ.

ರಾಮವ್ವ: ಆಗಿದ್ರ? ಅನುಮಾನ ಇದ್ರ ಒಳಗ ಬಂದು ನೋಡ್ರಿ. ಒಳಗ್ಯಾಕ, ನಿಂತಲ್ಲಿಂದನ ಎಲ್ಲಾ ಕಾಣ್ತೈತಿ.

ಶಿದ್ಲಿಂಗಪ್ಪ: ಡ್ರೈವರ್ ಹೊಸಬ ಇದ್ದ...

ರಾಮವ್ವ: ಕೈ ಮಾಡಿದವ್ರು ಹಳಬರ ಇದ್ರಲ್ಲ!

ಶಿದ್ಲಿಂಗಪ್ಪ: ಕುರ್ಚಿ ಮ್ಯಾಲ ಕುಂತವ ತಪ್ಪಾತು ಅಂದ್ರ ಕುರ್ಚಿ ಮರ್ಯಾದಿ ಹೋಗ್ತೈತಿ. ನಿನಗ ತಿಳಿಯಾಂಗಿಲ್ಲ.

ರಾಮವ್ವನ ದನಿ ಒಮ್ಮೆಲೇ ಇಳಿಯಿತು. ಕಣ್ಣಲ್ಲಿ ನೀರು ಬಂತು, ಸೆರಗಿನಿಂದ ಒರೆಸಿಕೊಂಡಳು.

ರಾಮವ್ವ: ಕುರ್ಚಿಗೆ ಮರ್ಯಾದಿ ಐತಿ, ನನಗಿಲ್ಲೇನ್ರಿ? ಬಿದ್ದ ಗ್ವಾಡಿ ಗೌಂಡಿ ಕಟ್ಟತಾನ. ನನ್ನ ಹೆಸರು ಯಾರು ಕಟ್ಟಬೇಕು?

ಹೊಳೆಪ್ಪನಿಗೆ ತಡೆಯಲಾಗಲಿಲ್ಲ, ಸಿಹಿಯ ಡಬ್ಬಿ ತೆಗೆದ.

ಹೊಳೆಪ್ಪ: ಕರದಂಟಾರ ತಗೋಬೇ, ಗೋಕಾಕದಿಂದ ತಂದೇವಿ.

ರಾಮವ್ವ: ನಾ ಒಲ್ಲೆ. ಅವರಿಗೂ ಕೊಡಬ್ಯಾಡ, ಮದ್ಲ ಬಾಯಿ ಅಂಟೈತಿ.

ಅಷ್ಟರಲ್ಲಿ ಶಿದ್ಲಿಂಗಪ್ಪನವರ ಫೋನು ಬಡಿದುಕೊಂಡಿತು. ಗೋಕಾಕದಿಂದ ಪಕ್ಷದ ಸಾಹೇಬರು. ಅಧ್ಯಕ್ಷರ ಸೊಂಟ ತಾನೇ ಬಗ್ಗಿತು. ಇನ್ನೊಂದು ಕೈಯಲ್ಲಿ ಮೈಕು ಚಾಲೂ ಇರುವುದು ಅವರಿಗೆ ನೆನಪೇ ಇಲ್ಲ.

ಶಿದ್ಲಿಂಗಪ್ಪ: ತಪ್ಪಾತ್ರಿ ಸಾಹೇಬ್ರ! ಬ್ಯಾನರಿನ್ಯಾಗ ನಿಮ್ಮ ಫೋಟೋ ಸಣ್ಣದಾತ್ರಿ... ಪ್ರೆಸ್ಸಿನವಂದಲ್ರಿ, ಯಾರದೂ ಅಲ್ರಿ, ಖರೇನ ನಂದ ತಪ್ಪ! ಕಾಲ ಹಿಡೀತೀನ್ರಿ, ಹೊಟ್ಟ್ಯಾಗ ಹಾಕ್ಕೋರಿ!

ಓಣಿಯ ಕೊನೆಯವರೆಗೂ ಕೇಳಿಸಿತು. ಫೋನು ಕಿಸೆಗಿಟ್ಟು ತಲೆಯೆತ್ತಿದರೆ ಮಂದಿಯೆಲ್ಲ ಅವರನ್ನೇ ನೋಡುತ್ತಿದ್ದರು. ರಾಮವ್ವ ಮುಂದೆ ಬಂದು ಹೊಳೆಪ್ಪನ ಕೈಯಿಂದ ಶಾಲು ತೆಗೆದುಕೊಂಡು ಅಧ್ಯಕ್ಷರ ಹೆಗಲಿಗೆ ಹೊದಿಸಿದಳು.

ರಾಮವ್ವ: ಹೊಳೆಪ್ಪಾ, ಆ ಫೋನಿನ ಸಾಹೇಬ್ರಿಗೆ ನನ್ನದೊಂದು ಮಾತು ಮುಟ್ಟಸಪಾ. ಅರ್ಧಾ ತಾಸಿನ ಮಟ್ಟಿಗೆ ಈ ಮುರದ ಗ್ವಾಡಿ ತಮ್ಮದಂತ ಹೇಳಾಕ ಹೇಳು. ಇವರ ಬಾಯಿಂದ ತಪ್ಪಾತು ಅನ್ನೂದು ತಾನ ಓಡಿ ಬರ್ತೈತಿ.