ಜೀಪಿಗೆ ಹಾಕಿದ ಹಂದರ

ಹೊಳಬಸಪ್ಪನಿಗೆ ಸಿಟ್ಟು ಬರಲು ಕಾರಣವೇ ಬೇಕಾಗಿರಲಿಲ್ಲ. ಚಹಾ ಆರಿದ್ದರೂ ಬರುತ್ತಿತ್ತು, ಬಿಸಿಯಿದ್ದರೂ ಬರುತ್ತಿತ್ತು. ಆದರೆ ಆ ದಿನ ಕಾರಣ ತಾನಾಗಿಯೇ ಡಂಗುರ ಬಡಿದುಕೊಂಡು ಇಳಕಲ್ಲಿನ ಹಿರೇಬಾವಿ ಓಣಿಗೆ ಬಂದುಬಿಟ್ಟಿತು.

"ಕೇಳ್ರಪೋ ಕೇಳ್ರಿ! ಇನ್ನ ಮ್ಯಾಲೆ ರಾತ್ರಿ ಹೊತ್ತು ಓಣ್ಯಾಗ ಮೋಟರು, ಜೀಪು, ಟ್ರ್ಯಾಕ್ಟರು, ಚಕ್ಕಡಿ ಏನ ನಿಲ್ಲಿಸಿದ್ರೂ ಪುರಸಭಾಕ್ಕ ರೊಕ್ಕಾ ಕಟ್ಟಿ ಪರವಾನಿಗಿ ತಗೋಬೇಕು! ತಗಡಿನ ಬಿಲ್ಲಿ ಗಾಡಿಗಿ ಬಡೀಬೇಕು! ಇಲ್ಲಂದ್ರ ದಂಡಾ!"

ಹೊಳಬಸಪ್ಪ ಆಗ ಉಣ್ಣುತ್ತಿದ್ದ. ಕೈಯಲ್ಲಿದ್ದ ರೊಟ್ಟಿ ಗೋಡೆಯ ಕಡೆಗೆ ಹಾರಿತು. (ಹಾರಿತು ಎನ್ನುವುದು ಮರ್ಯಾದೆಯ ಮಾತು. ಒಗೆದ.)

"ನನ್ನ ಮನಿ ಮುಂದ ನನ್ನ ಜೀಪ ನಿಲ್ಲಿಸಾಕ ನಾ ರೊಕ್ಕಾ ಕೊಡಬೇಕ? ನಾಳೆ ನನ್ನ ಕಟ್ಟಿ ಮ್ಯಾಲೆ ನಾ ಕುಂಡ್ರಾಕೂ ಬಿಲ್ಲಿ ಬಡಕೋ ಅಂತಾರ! ಎಲ್ಲೆ ಬಡಕೊಳ್ಳಲಿ ಅದನ್ನ, ಹಣಿಗ್ಯಾ?"

"ಹಣಿಗಿ ಬ್ಯಾಡ್ರಿ, ಬಾಯಿಗಿ ಬಡಕೋರಿ," ಎಂದಳು ಹೆಂಡತಿ ಬೋರವ್ವ, ಇನ್ನೊಂದು ರೊಟ್ಟಿ ಬಡಿಯುತ್ತ. "ಓಣಿ ಮಂದಿಗಿ ಉಪಕಾರ ಆಕ್ಕೈತಿ. ನಾಕ ರೂಪಾಯಿ ಒಗದು ಬರೂದ ಬಿಟ್ಟು ರೊಟ್ಟಿ ಯಾಕ ಒಗೀತೀರಿ?"

"ಒಂದು ಪೈ ಕೊಡಂಗಿಲ್ಲ! ನಮ್ಮಪ್ಪ ಇದ ಜಾಗಾದಾಗ ಎತ್ತು ಕಟ್ಟತಿದ್ದ. ಎತ್ತೇನ ಪರವಾನಿಗಿ ತಗೊಂಡಿದ್ವ?"

ಹೊಳಬಸಪ್ಪನದು ಸೀರೆ ವ್ಯಾಪಾರ. ಗಂಟು ಹೇರಿಕೊಂಡು ಬಾದಾಮಿ, ಕೆರೂರು, ಹುನಗುಂದದ ಸಂತೆ ತಿರುಗಲು ಸರಕಾರಿ ಹರಾಜಿನಲ್ಲಿ ಒಂದು ಜೀಪು ಹಿಡಿದಿದ್ದ. ಆ ವಾಹನೋತ್ತಮಕ್ಕೆ ನಡೆಸುವವನಿಗಿಂತ ನೂಕುವವರು ಹೆಚ್ಚು ಬೇಕಾಗುತ್ತಿದ್ದರು. ಓಣಿಯ ಅರ್ಧ ಅಗಲವನ್ನು ಅದು ನುಂಗಿತ್ತು, ಉಳಿದರ್ಧವನ್ನು ಹೊಳಬಸಪ್ಪನ ಬಾಯಿ. ನಸುಕಿನಲ್ಲಿ ನೇಕಾರರು ಓಣಿಯುದ್ದಕ್ಕೂ ನೂಲು ಎಳೆದು ಕಟ್ಟಿ ಗಂಜಿ ಹಚ್ಚಲು ಬಂದರೆ, ನೂಲು ಜೀಪಿನ ಮೂತಿಗೆ ಬಂದು ನಿಲ್ಲುತ್ತಿತ್ತು. ಪುರಸಭೆಗೆ ದೂರು ಕೊಟ್ಟವರು ಯಾರೆಂದು ಹುಡುಕಲು ಹೋದರೆ ಇಡೀ ಓಣಿಯನ್ನೇ ಬಯ್ಯಬೇಕಾಗುತ್ತಿತ್ತು. ಹೊಳಬಸಪ್ಪ ಅದನ್ನೂ ಮಾಡಿದ.

ಮರುದಿನ ಪುರಸಭೆಯ ವಸೂಲಿಗೆ ಜಾಫರಸಾಬ ಬಂದ. ಭೂಮಿ ಬಾಯಿಬಿಟ್ಟರೂ ದನಿ ಏರಿಸದ ಮನುಷ್ಯ. ಹೊಳಬಸಪ್ಪ ಬಯ್ದಷ್ಟು ಹೊತ್ತು ಕಟ್ಟೆಯ ಮೇಲೆ ಕುಳಿತು ಎಲೆಗೆ ಸುಣ್ಣ ಹಚ್ಚಿದ. ಬೈಗುಳ ಮುಗಿದಾಗ ಎಲೆಯೂ ಮುಗಿದಿತ್ತು.

"ಕಾಯ್ದೆ ನಾ ಮಾಡಿಲ್ರಿ ಸಾವಕಾರ್ರ. ಮಾಡಿದವ್ರು ನನ್ನ ಕೇಳೂ ಇಲ್ಲ."

"ಮಾಫಿ ಅನ್ನೂದು ಯಾರಿಗರ ಐತಿಲ್ಲೊ?"

"ಐತ್ರಿ. ಸತ್ತವ್ರ ಮನಿಗಿ, ಲಗ್ನದ ಮನಿಗಿ."

"ಸತ್ತವ್ರದು ಬ್ಯಾಡ," ಬೋರವ್ವನ ದನಿ ಒಳಗಿಂದ ಬಂತು. "ಇವರ ಕೂಗಾಟದಾಗ ಈ ಮನ್ಯಾಗ ಯಾರಿಗೂ ಸಾಯಾಕ ಪುರಸೊತ್ತಿಲ್ಲ."

"ಲಗ್ನದ್ದು ಹೆಂಗ?" ಹೊಳಬಸಪ್ಪ ಜಾಫರಸಾಬನ ಪಕ್ಕಕ್ಕೆ ಸರಿದು ಕುಳಿತ.

"ಮನಿ ಮುಂದ ಹಂದರ ಹಾಕಿದ್ರ, ಅದರ ಕೆಳಗ ನಿಂತ ಗಾಡಿಗಿ ಹಂದರ ಇಳಿಯೂತನಕಾ ಮಾಫಿ. ಬರೇ ತಾಡಪತ್ರಿ ಹೊಚ್ಚಿದ್ರ ನಡಿಯಂಗಿಲ್ಲ ಮತ್ತ. ಹಾಲಗಂಬ ಇರಬೇಕು."

ಹಾಲಗಂಬವೆಂದರೆ ಹಂದರಕ್ಕೆ ಮೊಟ್ಟಮೊದಲು ನೆಡುವ ಹಸಿಯ ಕಂಬ, ತುದಿಯಲ್ಲಿ ಎಲೆ ಬಿಟ್ಟುಕೊಂಡಿರುವುದು. ಅದು ನಿಂತಿತೆಂದರೆ ಮನೆಯಲ್ಲಿ ಲಗ್ನ ನಿಂತಂತೆ. ಹೊಳಬಸಪ್ಪನ ಇಬ್ಬರು ಹೆಣ್ಣುಮಕ್ಕಳೂ ಲಗ್ನವಾಗಿ ಗಂಡನ ಮನೆ ಸೇರಿದ್ದರು. ಮನೆಯಲ್ಲಿ ಲಗ್ನವಾಗದೆ ಉಳಿದದ್ದು ಒಂದು ಬೆಕ್ಕು. ಆದರೂ ಆ ಕ್ಷಣ ಹೊಳಬಸಪ್ಪನ ಮುಖದ ಮೇಲೆ ಮಗಳ ಸಂಬಂಧ ಕೂಡಿಬಂದ ದಿನ ಕೂಡ ಕಾಣದ ಕಳೆ ಬಂತು. ಹಂದರ ಇಳಿಯುವ ತನಕ ಮಾಫಿ! ಇಳಿಸಲೇಬೇಕೆಂದು ಯಾವ ಕಾಯ್ದೆ ಹೇಳುತ್ತದೆ?

"ಏನರ ತಲ್ಯಾಗ ಬಂದೈತಿ ನಿಮಗ," ಎಂದಳು ಬೋರವ್ವ, ಜಾಫರಸಾಬ ಹೋದ ಮೇಲೆ. "ನಿಮಗ ಏನರ ತಲ್ಯಾಗ ಬಂತಂದ್ರ ಅದು ನನ್ನ ತಲಿ ಮ್ಯಾಲೆ ಬೀಳತೈತಿ."

"ನೀ ಸುಮ್ನಿರ. ನಿನಗ ಕಾಯ್ದೆ ತಿಳಿಯಂಗಿಲ್ಲ."

ಮರುದಿನ ಮಧ್ಯಾಹ್ನದ ಹೊತ್ತಿಗೆ ಜೀಪಿನ ಮೇಲೆ ಅಂದವಾದ ಹಂದರ ನಿಂತಿತು. ನಾಲ್ಕು ಮೂಲೆಗೆ ಬಿದಿರು, ಮೇಲೆ ತೆಂಗಿನ ಗರಿ, ಮುಂದೆ ಮಾವಿನ ತೋರಣ, ಬಲಕ್ಕೆ ಹೊಲದಿಂದ ಕಡಿದು ತಂದ ಅತ್ತಿಯ ಹಾಲಗಂಬ. ನಡುವೆ ಮದುಮಗನಂತೆ ಜೀಪು. ಹೊಳಬಸಪ್ಪ ಓಣಿಯ ಆ ತುದಿಗೆ ಹೋಗಿ ನೋಡಿದ, ಈ ತುದಿಗೆ ಬಂದು ನೋಡಿದ, ಪುರಸಭೆಯ ಕಡೆ ತಿರುಗಿ ಮೀಸೆ ತಿರುವಿದ.

ಆಗ ಬಂದಳು ಗುರುಸಿದ್ದವ್ವ. ಓಣಿಯ ಹಿರಿಯಾಕೆ, ಅವಳಿಲ್ಲದೆ ಆ ಓಣಿಯಲ್ಲಿ ತೊಟ್ಟಿಲೂ ತೂಗುತ್ತಿರಲಿಲ್ಲ, ಬಾಸಿಂಗವೂ ಏರುತ್ತಿರಲಿಲ್ಲ.

"ಏ ಹೊಳಬಸಾ, ಹಾಲಗಂಬ ನೆಟ್ಟೀದಿ, ಒಂದು ಮಾತ ಹೇಳಲಿಲ್ಲಲ್ಲೊ! ಲಗ್ನ ಯಾರದಪಾ?"

ಓಣಿಯ ತಿರುವಿನಲ್ಲಿ ಜಾಫರಸಾಬನ ಸೈಕಲ್ಲು ಕಂಡಿತು. ಹೊಳಬಸಪ್ಪ ಹಲ್ಲು ಕಚ್ಚಿ ನಕ್ಕ. "ಆಮ್ಯಾಲೆ ಗೊತ್ತಾಗತೈತಿ ತಗೋ ಆಯಿ."

"ಗೊತ್ತಾದಾಗ ಆಗವಲ್ದ್ಯಾಕ, ಕಂಬಾನ ಹಿಂಗ ಬೋಳ ಬಿಡಬಾರ್ದು!"

ಅವನು ಬೇಡ ಎನ್ನುವುದರೊಳಗೆ ಓಣಿಯ ಹೆಂಗಸರೆಲ್ಲ ನೆರೆದರು. ಕಂಬಕ್ಕೆ ಅರಿಷಿಣ ಬಳಿದರು, ಕುಂಕುಮ ಹಚ್ಚಿದರು, ಹಸಿರು ಕುಪ್ಪಸ ಸುತ್ತಿದರು, ಕಾಯಿ ಒಡೆದರು, ಸೋಬಾನೆ ಹಾಡಿದರು. ಜಾಫರಸಾಬ ಸೈಕಲ್ಲಿನಿಂದ ಇಳಿದು, ಪ್ರಸಾದದ ಕೊಬ್ಬರಿ ಬಾಯಿಗೆ ಹಾಕಿಕೊಂಡು, "ಮಾಫಿ ಮಂಜೂರ್ರಿ ಸಾವಕಾರ್ರ," ಎಂದು ಹೋದ.

ಹೊಳಬಸಪ್ಪ ಗೆದ್ದ ಪೈಲವಾನನಂತೆ ಒಳಗೆ ಬಂದ. ಬೋರವ್ವ ತಲೆಯ ಮೇಲೆ ಕೈ ಹೊತ್ತು ಕುಳಿತಿದ್ದಳು.

"ಖರೆ ಖರೆ ಪೂಜಿ ಮಾಡಿ ಹೋದ್ರಲ್ರಿ! ಪೂಜಿ ಆದ ಹಾಲಗಂಬ, ಲಗ್ನ ಆಗಿ ಅಕ್ಕಿಕಾಳು ಬೀಳದ ಕಿತ್ತರ ಮನಿಗಿ ಚಲೋ ಅಲ್ಲ. ಈಗ ಯಾರನ್ನ ಕುಂಡ್ರಿಸಿ ಅಕ್ಕಿಕಾಳು ಹಾಕಿಸ್ತೀರಿ, ಜೀಪಿಗ್ಯಾ?"

"ಕೀಳವ್ರು ಯಾರ? ಇರಲಿ ಬಿಡ ಅಲ್ಲೆ, ಚಿಗುರಿ ಗಿಡಾ ಆಗಲಿ."

ಕಂಬ ಚಿಗುರುವ ಮೊದಲು ಸುದ್ದಿ ಚಿಗುರಿತು. ಮನೆಯಲ್ಲಿ ಲಗ್ನಕ್ಕೆ ಬಂದ ಮಕ್ಕಳಿಲ್ಲ, ಹಂದರ ಎದ್ದಿದೆ, ಯಾರ ಲಗ್ನವೆಂದು ಕೇಳಿದರೆ ಮನೆಯ ಯಜಮಾನ ಹಲ್ಲು ಕಚ್ಚಿ ನಗುತ್ತಾನೆ. ಲೆಕ್ಕ ಹಾಕಲು ಓಣಿಗೆ ಬಹಳ ಹೊತ್ತು ಹಿಡಿಯಲಿಲ್ಲ. ಕ್ಷೌರದವನು "ಮೀಸಿಗಿ ಕರೇ ಬಣ್ಣ ಹಚ್ಚಲೇನ್ರಿ, ಈ ವಯಸ್ಸಿನ್ಯಾಗ ಬೇಕಾಕ್ಕೈತಿ," ಎಂದು ಮೆಲ್ಲಗೆ ಕೇಳಿದ. ಸೋಪು ಹಚ್ಚಿದ ಅರ್ಧ ಗಡ್ಡದಲ್ಲೇ ಹೊಳಬಸಪ್ಪ ಅವನನ್ನು ಅಟ್ಟಿಸಿಕೊಂಡು ಹೋದ. ಮದುಮಗನಿಗೆ ಅವಸರ ಬಹಳವಿದೆ ಎಂದು ಜನ ಅಂದುಕೊಂಡರು. ಬಸ್ಸೇರಿದ ಸುದ್ದಿ ಹುನಗುಂದ ದಾಟಿತು, ಬಾಗಲಕೋಟೆಯಲ್ಲಿ ಬಸ್ಸು ಬದಲಿಸಿತು, ಕೆರೂರಿನಲ್ಲಿ ಇಳಿದು ನೆಟ್ಟಗೆ ಬೋರವ್ವನ ತಮ್ಮ ಗುರಲಿಂಗಪ್ಪನ ಮನೆಗೆ ನಡೆದುಹೋಯಿತು.

ಗುರಲಿಂಗಪ್ಪ ಕೆರೂರಿನಿಂದ ಟ್ರ್ಯಾಕ್ಟರಿನಲ್ಲಿ ಬಂದ. ಹಿಂದಿನ ಟ್ರೇಲರಿನಲ್ಲಿ ಅಣ್ಣತಮ್ಮಂದಿರು, ಅವರ ಹಿಂದೆ ಚಿಕ್ಕಮ್ಮ ದೊಡ್ಡಮ್ಮಂದಿರು. ಅಂಗೈಯಷ್ಟು ಅಗಲದ ನಗು ಇಟ್ಟುಕೊಂಡು ಇಳಿದ. ಅವನು ನಕ್ಕನೆಂದರೆ ಎದುರಿಗಿದ್ದವನು ಹಿಂದೆ ಸರಿಯುವುದು ವಾಡಿಕೆ. ಜಾಫರಸಾಬ ಆಗ ಅದೇ ಕಟ್ಟೆಯ ಮೇಲೆ ಕುಳಿತು ಬಸಿಯಲ್ಲಿ ಚಹಾ ಸುರಿದುಕೊಂಡಿದ್ದ. (ಹಂದರ ನಿಂತಿದೆಯೋ ಇಲ್ಲವೋ ನೋಡಲು ದಿನಾ ಬರುವುದು, ಬಂದಾಗ ಚಹಾ ಕುಡಿಯುವುದು, ಎರಡೂ ಅವನ ಕರ್ತವ್ಯ.)

"ಮಾವಾರ, ಹಂದರ ಭಾಳ ಚಂದ ಹಾಕೀರಿ. ಹುಡುಗಿ ಯಾವೂರಾಕಿ?"

"ಯಾವ ಹುಡುಗಿನೂ ಇಲ್ಲೋ ಮಾರಾಯಾ! ಲಗ್ನನ ಇಲ್ಲ!"

ಕಟ್ಟೆಯ ಮೇಲೆ ಬಸಿ ಕೆಳಗಿಟ್ಟ ಸದ್ದಾಯಿತು. "ಲಗ್ನ ಇಲ್ಲೇನ್ರಿ ಸಾವಕಾರ್ರ?"

"ಐತಿ! ಲಗ್ನ ಐತಿ!"

"ಐತಿ?" ಗುರಲಿಂಗಪ್ಪ ತೋಳು ಏರಿಸಿದ.

"ಇಲ್ಲಪಾ!"

"ಇಲ್ರಿ?" ಜಾಫರಸಾಬ ಚೀಲಕ್ಕೆ ಕೈ ಹಾಕಿದ. "ಹಂಗಾದ್ರ ಹಂದರ ಹಾಕಿದ ದಿನದಿಂದ ದಂಡ..."

"ಐತ್ಯೋ! ಐತಿ, ಇಲ್ಲ, ಐತಿ!" ಹೊಳಬಸಪ್ಪನ ತಲೆ ಎರಡು ಕಡೆ ತಿರುಗಿ ತಿರುಗಿ, ಸುತ್ತಿದ್ದ ಪಟಗ ಬಿಚ್ಚಿ ಹೆಗಲಿಗೆ ಬಂತು. ಜನ್ಮದಲ್ಲಿ ಮೊದಲ ಸಲ ಅವನಿಗೆ ಸಿಟ್ಟು ಯಾರ ಮೇಲೆ ಮಾಡಬೇಕೆಂದು ತಿಳಿಯಲಿಲ್ಲ. ಈ ಕಡೆ ಹೌದೆಂದರೆ ಮೈಯ ಚರ್ಮ ಹೋಗುತ್ತದೆ, ಆ ಕಡೆ ಇಲ್ಲವೆಂದರೆ ಒಂದು ಪೈ ಕೊಡುವುದಿಲ್ಲವೆಂದು ಹಾಕಿದ ಪಂತ ಹೋಗುತ್ತದೆ. ಕೊನೆಗೆ, ಮೂವತ್ತು ವರ್ಷದಲ್ಲಿ ಎಂದೂ ನೋಡದ ಹಾಗೆ ಹೆಂಡತಿಯ ಮುಖ ನೋಡಿದ.

ಬೋರವ್ವ ಬಾಗಿಲಿಗೆ ಆತು ನಿಂತಿದ್ದಳು. ಅವಸರ ಮಾಡಲಿಲ್ಲ. ಸೆರಗಿಗೆ ಕೈ ಒರೆಸಿಕೊಂಡಳು, ಸೆರಗು ಸರಿಮಾಡಿಕೊಂಡಳು.

"ತಮ್ಮಾ, ತೋಳ ಇಳಿಸು. ಲಗ್ನ ಐತಿ. ಇವರದ. ಹುಡುಗಿ ನಿನಗ ಗೊತ್ತಿದ್ದಾಕಿನ."

"ಯಾರಬೇ ಅಕ್ಕಾ, ಅಕಿ?"

"ನಾ."

ಓಣಿಯಲ್ಲಿ ಕೈಮಗ್ಗಗಳು ಕೂಡ ನಿಂತವು.

"ಮೊದಲ್ನೆ ಲಗ್ನದಾಗ ನಾ ಸಣ್ಣಾಕಿ. ನಿದ್ದಿಗಣ್ಣಾಗ ತಾಳಿ ಕಟ್ಟಿಸಿಕೊಂಡೆ, ಯಾರನ್ನ ಕಟಗೊಂಡೇನಿ ಅಂತ ಬೆಳಗಾದ ಮ್ಯಾಲೆ ನೋಡಿದೆ. ಆವಾಗ ಏನ ಮಾಡಾಕ ಬರತೈತಿ? ಈ ಸಲ ಎಚ್ಚರಿದ್ದು ಕಟ್ಟಿಸಿಕೋತೇನಿ. ಹಾಲಗಂಬಕ್ಕೂ ಸಮಾಧಾನ, ಜಾಫರಸಾಬಗೂ ಸಮಾಧಾನ."

"ವಾಹ್ವಾ! ಕಾಯ್ದೆಕ್ಕ ಅಡ್ಡಿ ಇಲ್ರಿ," ಎಂದ ಜಾಫರಸಾಬ.

ಗುರುಸಿದ್ದವ್ವ ಅಲ್ಲಿಯೇ ಸೋಬಾನೆ ಎತ್ತಿದಳು. ಗುರಲಿಂಗಪ್ಪ ಅದೇ ತೋಳಿನಿಂದ ಮಾವನನ್ನು ಅಪ್ಪಿದ. ಹೊಡೆತಕ್ಕೂ ಅಪ್ಪುಗೆಗೂ ಹೊಳಬಸಪ್ಪನಿಗೆ ದೊಡ್ಡ ವ್ಯತ್ಯಾಸ ತಿಳಿಯಲಿಲ್ಲ.

ಆಮೇಲೆ ಮನೆ ಅವನ ಕೈಯಲ್ಲಿ ಉಳಿಯಲಿಲ್ಲ. ಮದುಮಗಳು ಗಂಡನ ಅಂಗಡಿಗೇ ಹೋಗಿ, ಪುಣೆಯ ಗಿರಾಕಿಗೆಂದು ಅವನು ಎತ್ತಿಟ್ಟಿದ್ದ ಕೆಂಪು ಸೆರಗಿನ ರೇಷ್ಮೆ ಸೀರೆಯನ್ನು ಗಂಟಿನಿಂದ ಎಳೆದಳು. "ಅದು ಮಾರೂದಲೇ!" ಎಂದರೆ "ಲಗ್ನದ ಹುಡುಗಿಗಿ ಲೇ ಅಂತೀರಿ?" ಎಂದು ಗದರಿದಳು. ಹುಗ್ಗಿಗೆ ಗೋದಿ ಕುಟ್ಟಿದರು, ಬದನೆಕಾಯಿ ಚೀಲಗಟ್ಟಲೆ ಬಂದವು. ಹೆಣ್ಣುಮಕ್ಕಳಿಬ್ಬರೂ ಗಂಡಂದಿರೊಡನೆ ಬಂದು ಅಪ್ಪನ ಕೆನ್ನೆಗೆ ಅರಿಷಿಣ ಹಚ್ಚಿದರು.

ಲಗ್ನದ ಮುನ್ನಾದಿನ ಸಂಜೆ ಸಂಗಯ್ಯನವರು ಬಂದು ಹಂದರದಲ್ಲಿ ಇಣುಕಿದರು. ಓಣಿಯ ಲಗ್ನಗಳನ್ನೆಲ್ಲ ಮಾಡಿಸುವ ಅಯ್ಯನವರು ಅವರೇ.

"ಇದೇನಪಾ ಇದು? ಅಕ್ಕಿಕಾಳು ಬೀಳೂ ಜಾಗಾದಾಗ ಎಣ್ಣಿ ಸೋರಸಕೋತ ನಿಂತೈತಲ್ಲ! ಮದುಮಕ್ಕಳನ್ನ ಇದರ ಮೂತಿ ಮ್ಯಾಲೆ ಕುಂಡ್ರಿಸಲ್ಯಾ? ತಗೀರಿ ಹೊರಗ!"

"ಅಯ್ಯನೋರ, ಹಂದರ ಹಾಕಿದ್ದ ಅದಕ್ಕರಿ!" ಹೊಳಬಸಪ್ಪ ಅರಿಷಿಣ ಬಳಿದುಕೊಂಡ ಮುಖದಲ್ಲೇ ಜೀಪಿಗೆ ಅಡ್ಡ ನಿಂತ. ಆದರೆ ಅದನ್ನು ನೂಕಿ ನೂಕಿ ಕೈ ಪಳಗಿದ ಓಣಿ ಅದು. ಅವನನ್ನೂ ಸೇರಿಸಿಯೇ ನೂಕಿದರು. ಜೀಪು ಓಣಿಯ ನಡುವೆ ಬಯಲಿಗೆ ಬಂದು ನಿಂತಿತು. ಅದರ ಹಿಂದೆ ಗುರಲಿಂಗಪ್ಪನ ಟ್ರ್ಯಾಕ್ಟರು, ಅದರ ಹಿಂದೆ ಅಳಿಯಂದಿರ ಮೋಟಾರ್ ಸೈಕಲ್ಲು, ಅದರ ಹಿಂದೆ ಪಟ್ಟದಕಲ್ಲಿನ ಕಡೆಯ ನೆಂಟರ ಚಕ್ಕಡಿಗಳು. ಓಣಿ ತುಂಬಿ ಬಾವಿಕಟ್ಟೆಯ ತನಕ ಸಾಲು ಹಚ್ಚಿದವು, ಬೆಳಗಾಗುವ ತನಕ ಅಲ್ಲೇ ಇದ್ದವು.

ಬೆಳಿಗ್ಗೆ ವಾಜಂತ್ರಿ ಮೊಳಗಿತು. ಬಾಸಿಂಗ ಕಟ್ಟಿಕೊಂಡ ಹೊಳಬಸಪ್ಪ ಸಂತೆಗೆ ಹಿಡಿದು ತಂದ ಎತ್ತಿನಂತೆ ನಿಂತಿದ್ದ. ಪಕ್ಕದಲ್ಲಿ ಬೋರವ್ವ, ಕಣ್ಣು ಅಗಲಿಸಿ, ಮಾತು ಕೊಟ್ಟ ಹಾಗೆ ಪೂರಾ ಎಚ್ಚರ. ಅಕ್ಕಿಕಾಳು ಬಿದ್ದವು. ಸಾಲುಗಟ್ಟಿ ಜನ ಆಯೇರಿಯ ಉಡುಗೊರೆ ಕೊಟ್ಟರು. ಜಾಫರಸಾಬನೂ ಬಂದು ಕಾಯಿ, ಟವೆಲ್ಲು ಆಯೇರಿ ಮಾಡಿ ಕೈ ಮುಗಿದ. ಆಮೇಲೆ ಅದೇ ಚೀಲದಿಂದ ಪಾವತಿ ಪುಸ್ತಕ ತೆಗೆದ.

"ಏನಲೇ ಅದು?"

"ರಾತ್ರಿ ಓಣ್ಯಾಗ ನಿಂತ ಗಾಡಿಗಳದ್ರಿ. ಒಂದಕ್ಕೂ ಬಿಲ್ಲಿ ಇಲ್ಲ."

"ಮಾಫಿ ಅಂದಿದ್ದೆಲ್ಲೊ!"

"ಹಂದರದ ಕೆಳಗಿನ ಗಾಡಿಗಿ ಅಂದಿದ್ದೆ ಸಾವಕಾರ್ರ. ಹಂದರದ ಕೆಳಗ ಒಂದೂ ಗಾಡಿ ಇಲ್ರಿ. ಅಲ್ಲೆ ನೀವ ನಿಂತೀರಿ."

ಹೊಳಬಸಪ್ಪನ ಬಾಯಿ ತೆರೆಯಿತು. ಬಾಸಿಂಗದ ಜಾಲರಿ ಒಳಗೆ ಹೋಗಿ ಮಾತು ಸಿಕ್ಕಿಕೊಂಡಿತು.

"ಜೀಪಂತೂ ನಿಮ್ಮದ. ಟ್ರ್ಯಾಕ್ಟರು, ಚಕ್ಕಡಿ ಯಾರ ಹೆಸರಿಗಿ ಬರೀಲಿ?"

ಗುರಲಿಂಗಪ್ಪ ಆಕಾಶ ನೋಡಿದ. ಲಗ್ನಕ್ಕೆ ಬಂದ ನೆಂಟರ ಕೈಯಿಂದ ದಂಡ ಕಟ್ಟಿಸಿದವನು ಮುಂದೆ ಯಾವ ಮುಖ ಹೊತ್ತು ಸಂತೆ ಮಾಡಬೇಕು? ಹೊಳಬಸಪ್ಪ ಬಾಸಿಂಗದ ಹಿಂದೆಯೇ ಉಳಿದ.

"ಬೋರವ್ವಾ, ನೀನರ ಹೇಳವಾ," ಎಂದು ಗುರುಸಿದ್ದವ್ವ ಹೊಸ್ತಿಲಿಗೆ ಅಡ್ಡಲಾಗಿ ಕೈ ಇಟ್ಟಳು. "ಹೆಂಗೂ ಗಂಡನ ಹೆಸರ ಹೇಳದ ಒಳಗ ಬಿಡಂಗಿಲ್ಲ. ಒಡಪ ಹಾಕಿ ಹೇಳು, ಜಾಫರಸಾಬ ಬರಕೋತಾನ."

ಹೆಂಗಸರೆಲ್ಲ ಹೊಸ್ತಿಲಿಗೆ ಮುತ್ತಿದರು. ಬೋರವ್ವ ಪುಣೆಯ ಗಿರಾಕಿಯ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಓಣಿಯ ಕೊನೆಯ ಚಕ್ಕಡಿಗೂ ಕೇಳುವಂತೆ ಹೇಳಿದಳು:

"ಹುಗ್ಗಿಗಿ ಬೆಲ್ಲ, ಬ್ಯಾಳಿಗಿ ಉಪ್ಪ, ರೊಟ್ಟಿಗಿ ಎಮ್ಮಿ ತುಪ್ಪ;
ಒಂದು ಬಿಲ್ಲಿ ಉಳಿಸಾಕ ಹೋಗಿ, ಅದ ಹೇಣ್ತಿನ್ನ ಎರಡ ಸಲ ಕಟಗೊಂಡವ್ರು ಹೊಳಬಸಪ್ಪ!"

ಜಾಫರಸಾಬ ಬರೆದುಕೊಂಡ, ಹಾಳೆ ಹರಿದ, ಮದುಮಗನ ಕೈಗೆ ಕೊಟ್ಟ.