ಮುಚ್ಚದ ಬ್ರಾಕೆಟ್

ಬ್ರಾಕೆಟ್ ಮಾಸ್ತರನಿಗೆ ಮೂರು ವರ್ಷದಿಂದ ಒಂದು ದಿನವೂ ರಜೆ ಸಿಕ್ಕಿರಲಿಲ್ಲ.

ಅವನು ಮಾಸ್ತರನೂ ಅಲ್ಲ. ಕಂಪ್ಯೂಟರ್ ಕಚೇರಿಯಲ್ಲಿ ಮೂಲೆ ಮೇಜಿನವನು. ಪ್ರೋಗ್ರಾಮು ಬರೆಯುವವರು ಪ್ರತಿ ಭಾಗದ ನೆತ್ತಿಯ ಮೇಲೆ ಒಂದು ಟಿಪ್ಪಣಿ ಹಾಕುತ್ತಾರೆ: ಈ ಜಾಗಕ್ಕೆ ಸಂಖ್ಯೆ ಬರುತ್ತದೆ, ಈ ಜಾಗಕ್ಕೆ ದಿನಾಂಕ, ಈ ಜಾಗಕ್ಕೆ ಹೆಸರುಗಳ ಪಟ್ಟಿ. ಅದಕ್ಕೆ ಟೈಪ್ ಟಿಪ್ಪಣಿ ಎನ್ನುತ್ತಾರೆ. ಆ ಟಿಪ್ಪಣಿಗಳನ್ನು ಓದಿ, ಬಿಡಿಸಿ, ಮಿಕ್ಕ ಪ್ರೋಗ್ರಾಮುಗಳಿಗೆ ಅರ್ಥ ಹೇಳುವ ಸಣ್ಣದೊಂದು ಲೈಬ್ರರಿಯನ್ನು, ಅಂದರೆ ಎಲ್ಲರ ಪ್ರೋಗ್ರಾಮುಗಳೂ ಬಳಸುವ ಸಹಾಯಕ ಪ್ರೋಗ್ರಾಮನ್ನು, ಅವನು ಬರೆದಿದ್ದ. ಯಾರಾದರೂ ಬ್ರಾಕೆಟ್ ತೆರೆದು ಮುಚ್ಚುವುದನ್ನು ಮರೆತರೆ ಅವರ ಮೇಜಿಗೇ ಹೋಗಿ ಬೆರಳಿಟ್ಟು ತೋರಿಸುತ್ತಿದ್ದ. ಹೆಸರು ಬಂದದ್ದು ಹಾಗೆ.

ಲೈಬ್ರರಿಯ ಒಳಮರ್ಮ ಅವನೊಬ್ಬನಿಗೇ ಗೊತ್ತು. ಹಾಗಾಗಿ ರಜೆ ಕೇಳಿದಾಗಲೆಲ್ಲ ಮ್ಯಾನೇಜರು, ನೀವಿಲ್ಲದೆ ಇಲ್ಲಿ ಏನು ನಡೆಯುತ್ತೆ ಎಂದು ಹೊಗಳಿ ವಾಪಸು ಕಳಿಸುತ್ತಿದ್ದರು. ಈ ಸಲ ಹೆಂಡತಿ ಕೇಳಲಿಲ್ಲ, ಹೇಳಿಬಿಟ್ಟಳು. ಸಮುದ್ರದ ದಂಡೆಯಲ್ಲಿರುವ ಅವಳ ಅಣ್ಣನ ಮನೆಯಲ್ಲಿ ಹತ್ತು ದಿನ. ಸಂಜೆ ಆರರ ಬಸ್ಸು, ಎರಡು ಸೀಟು. ಮ್ಯಾನೇಜರೂ ಹೇಗೋ ಮೆತ್ತಗಾಗಿ, ನಾಲ್ಕು ಗಂಟೆಯೊಳಗೆ ರಜೆಯ ಪ್ರೋಗ್ರಾಮಿನಲ್ಲಿ ಅರ್ಜಿ ಹಾಕಿದರೆ ಒಪ್ಪುತ್ತೇನೆ ಎಂದಿದ್ದರು.

ಎಡವಟ್ಟು ಆದದ್ದು ಹಿಂದಿನ ದಿನ. ಅರ್ಥವಾಗದ ಟಿಪ್ಪಣಿ ಸಿಕ್ಕರೆ ಲೈಬ್ರರಿ, ಬೇಡದ ನೆಂಟರನ್ನು ಬೀದಿಯಲ್ಲಿ ಕಂಡವರ ಹಾಗೆ, ಮುಖ ತಿರುಗಿಸಿಕೊಂಡು ದಾಟಿಹೋಗುತ್ತಿತ್ತು. ಊರಿಗೆ ಹೋಗುವ ಮುಂಚೆ ಮನೆ ಗುಡಿಸಿಡುವವರ ಹಾಗೆ ಮಾಸ್ತರ ಅದನ್ನೊಂದು ತಿದ್ದಿದ. ಇನ್ನು ಮೇಲೆ ಅರ್ಥವಾಗದಿದ್ದರೆ ಲೈಬ್ರರಿ ಅಲ್ಲೇ ನಿಂತು ಕೂಗಬೇಕು.

ಬೆಳಿಗ್ಗೆ ಅವನು ಬರುವ ಹೊತ್ತಿಗೆ ಅದು ಇನ್ನೂರ ಹದಿನಾಲ್ಕು ಕಡೆ ನಿಂತು ಕೂಗುತ್ತಿತ್ತು. ಗೋಡೆಯ ಮೇಲಿನ ದೊಡ್ಡ ಪರದೆ ಮೇಲಿಂದ ಕೆಳಗೆ ಕೆಂಪಾಗಿತ್ತು. ಅವನ ಕುರ್ಚಿಯ ಸುತ್ತ ಆಗಲೇ ಎಂಟು ಜನ ನಿಂತಿದ್ದರು.

ಮೊದಲು ಬಾಯಿ ಬಿಟ್ಟವರು ಹಿಂದಿನ ಮೇಜಿನ ಹಿರಿಯರು.

"ತಮ್ಮಾ, ಇಪ್ಪತ್ತು ವರ್ಷದಿಂದ ಹೀಗೇ ಬರೀತಿದೀನಿ. ನಿನ್ನೆ ಸಂಜೆವರೆಗೂ ಸರಿ ಇದ್ದೆ. ಮಲಗಿ ಏಳೋದ್ರೊಳಗೆ ಅದೇನ್ ಕೆಟ್ಟುಹೋದೆ, ಹೇಳು?"

ಅವರ ಟಿಪ್ಪಣಿಯಲ್ಲಿ 'ಸಂಖ್ಯೆ, ಅಥವಾ ಏನೋ ಒಂದು' ಎಂದಿತ್ತು. ಹಾಗೆಲ್ಲ ಬರೆಯುವಂತಿಲ್ಲ ಎಂದು ಮಾಸ್ತರ ವಿವರಿಸಿದ. ಹಿರಿಯರು ಕಣ್ಣು ಮಿಟುಕಿಸದೆ ಕೇಳಿಸಿಕೊಂಡು, ಅದು ಏನು ಅಂತ ಗೊತ್ತಿದ್ದಿದ್ದರೆ ಬರೆಯುತ್ತಿರಲಿಲ್ಲವೇ ಎಂದರು. ಗಡಿಯಾರ ಹನ್ನೊಂದು ತೋರಿಸುತ್ತಿತ್ತು. ಮಾಸ್ತರ ಲೈಬ್ರರಿಯಲ್ಲಿ ಒಂದು ಸಾಲು ಸೇರಿಸಿದ: 'ಏನೋ ಒಂದು' ಎಂದರೂ ನಡೆಯುತ್ತದೆ.

ಒಬ್ಬರಿಗೆ ಸಡಿಲ ಬಿಟ್ಟದ್ದು ಗೊತ್ತಾಗಿದ್ದೇ ಮಿಕ್ಕವರು ನೀರಿನ ನಲ್ಲಿಯ ಮುಂದೆ ನಿಂತ ಹಾಗೆ ಸಾಲು ನಿಂತರು. ಒಬ್ಬನಿಗೆ ಪ್ರಶ್ನೆಚಿಹ್ನೆ ಎಲ್ಲಿ ಬೇಕಾದರೂ ಹಾಕುವ ಸ್ವಾತಂತ್ರ್ಯ ಬೇಕಿತ್ತು. ಇನ್ನೊಬ್ಬಳು ಟಿಪ್ಪಣಿಯ ಜಾಗದಲ್ಲಿ 'ಮೇಲಿನದೇ' ಎಂದು ಬರೆದಿದ್ದಳು, ಮೇಲೆ ಏನೂ ಇರಲಿಲ್ಲ. ಎರಡು ಗಂಟೆಯವರೆಗೆ ಮಾಸ್ತರ ಬಗ್ಗುತ್ತ ಹೋದ, ಪರದೆ ಹಸಿರಾಗುತ್ತ ಬಂತು. ಕೊನೆಗೆ ಉಳಿದದ್ದು ಒಂದೇ ಕೆಂಪು ಗೆರೆ. ಅದು ರಜೆಯ ಪ್ರೋಗ್ರಾಮು.

ರಜೆ ವಿಭಾಗದ ಮೇಡಂ ಡಬ್ಬಿ ಮುಚ್ಚಿ ಕೈ ಒರೆಸಿಕೊಳ್ಳುತ್ತಿದ್ದರು.

"ಮೇಡಂ, ನಿಮ್ಮ ಟಿಪ್ಪಣಿಯಲ್ಲಿ ಬ್ರಾಕೆಟ್ ಮುಚ್ಚಿಲ್ಲ. ಒಂದೇ ಒಂದು ಗುರುತು. ಹಾಕಿಬಿಡಿ."

"ನಮ್ಮ ಪ್ರೋಗ್ರಾಮು ಮುಟ್ಟೋಕೆ ಮೂರು ಜನರ ಸಹಿ ಬೇಕು. ಒಬ್ಬರು ಸೋಮವಾರ ಬರ್ತಾರೆ. ನಿಮ್ಮ ಲೈಬ್ರರಿ ಮುಟ್ಟೋಕೆ ಯಾರ ಸಹಿ ಬೇಕು?"

"ಯಾರದೂ ಬೇಡ."

"ಮತ್ತೆ ನನ್ನ ತಲೆ ಯಾಕೆ ತಿಂತೀರಿ? ರಜೆ ಬೇಕಾಗಿರೋದು ನಿಮಗಾ ನನಗಾ?"

ಮೂರೂವರೆಗೆ ಹೆಂಡತಿ ಫೋನು ಮಾಡಿ, ಹೊರಟಿರಾ ಎಂದು ಕೇಳಿದಳು. ಹೊರಟೆ ಎಂದು ಹೇಳಿ ಮಾಸ್ತರ ಜನ್ಮದಲ್ಲಿ ಮಾಡದ ಕೆಲಸ ಮಾಡಿದ. ಯಾರಾದರೂ ಬ್ರಾಕೆಟ್ ಮುಚ್ಚದಿದ್ದರೆ ಲೈಬ್ರರಿಯೇ ಸಾಲಿನ ಕೊನೆಯಲ್ಲಿ ಮುಚ್ಚಿಬಿಡಲಿ ಎಂದು ಬರೆದ. ಪರದೆ ಪೂರ್ತಿ ಹಸಿರಾಯಿತು. ನಾಲ್ಕಕ್ಕೆ ಐದು ನಿಮಿಷ ಇರುವಾಗ ಅರ್ಜಿ ಹಾಕಿದ. ಮ್ಯಾನೇಜರು ಒಳಗಿನಿಂದಲೇ ಒಪ್ಪಿಗೆ ಒತ್ತಿದರು.

ಫೋನು ಸದ್ದು ಮಾಡಿತು. ಅವನದೊಂದೇ ಅಲ್ಲ. ಕಚೇರಿಯ ನಲವತ್ತಮೂರು ಫೋನೂ ಒಟ್ಟಿಗೆ.

ನಾಳೆಯಿಂದ ಹತ್ತು ದಿನ ನಿಮಗೆ ರಜೆ ಮಂಜೂರಾಗಿದೆ, ಒಪ್ಪುವುದಾದರೆ ಒತ್ತಿ.

ಮಾಸ್ತರನಿಗೆ ಹೊಳೆಯಲು ಒಂದು ನಿಮಿಷ ಹಿಡಿಯಿತು. ರಜೆಯ ಟಿಪ್ಪಣಿಯಲ್ಲಿ ಮೊದಲು 'ರಜೆ ಪಡೆಯುವವರು' ಎಂದು ಬ್ರಾಕೆಟ್ ತೆರೆದು, ಅವನ ಹೆಸರು ಬಂದ ಕೂಡಲೇ ಮುಚ್ಚಬೇಕಿತ್ತು. ಅದರ ಆಚೆಗೆ ಇದ್ದದ್ದು 'ಸುದ್ದಿ ತಿಳಿಯಬೇಕಾದವರು', ಅಂದರೆ ಇಡೀ ಕಚೇರಿ. ಅಷ್ಟು ದಿನ ಲೈಬ್ರರಿ ಆ ಸಾಲನ್ನೇ ಓದದೆ ದಾಟಿಹೋಗಿದ್ದರಿಂದ ಬಚಾವಾಗಿತ್ತು. ಈಗ ಓದಿತು. ಬ್ರಾಕೆಟ್ ಸಾಲಿನ ಕೊನೆಯಲ್ಲಿ ಮುಚ್ಚಿಕೊಂಡು, ಸುದ್ದಿ ತಿಳಿಯಬೇಕಾದವರೆಲ್ಲ ರಜೆ ಪಡೆಯುವವರ ಒಳಗೆ ಬಿದ್ದಿದ್ದರು.

ಅವನು ಕುರ್ಚಿ ಹತ್ತಿ ನಿಂತು, ಯಾರೂ ಒತ್ತಬೇಡಿ, ಇದು ತಪ್ಪು, ಬ್ರಾಕೆಟ್ಟಿನ ತಪ್ಪು ಎಂದು ಮೂರು ಸಲ ವಿವರಿಸಿದ. ವಿವರಣೆ ಮುಗಿಯುವಷ್ಟರಲ್ಲಿ ಎಲ್ಲರೂ ಒತ್ತಿ ಆಗಿತ್ತು. ಹಿರಿಯರು ಕನ್ನಡಕ ಹಣೆಗೇರಿಸಿಕೊಂಡು, ಎರಡು ಸಲ ಒತ್ತಿದರೆ ಇಪ್ಪತ್ತು ದಿನ ಬರುತ್ತಾ ಎಂದು ವಿಚಾರಿಸುತ್ತಿದ್ದರು.

ಮಾಸ್ತರ ಇಳಿದು ತನ್ನದನ್ನು ಒತ್ತಿದ. ಉತ್ತರ ಬಂತು: ಕಚೇರಿಯಲ್ಲಿ ಕನಿಷ್ಠ ಒಬ್ಬರು ಇರಬೇಕು. ಉಳಿದವರೆಲ್ಲ ರಜೆಯಲ್ಲಿದ್ದಾರೆ. ನಿಮ್ಮ ಅರ್ಜಿ ತಿರಸ್ಕೃತ.

ಮ್ಯಾನೇಜರು ಚೀಲ ಹೆಗಲಿಗೇರಿಸಿ ಹೊರಗೆ ಬಂದರು. ಅವರ ಮುಖಕ್ಕೆ ಹತ್ತು ವರ್ಷ ಕಡಿಮೆಯಾಗಿತ್ತು.

"ಸಾರ್, ಇದನ್ನ ರದ್ದು ಮಾಡಿ ಸಾರ್."

"ಮಂಜೂರಾದ ರಜೆ ರದ್ದು ಮಾಡ್ಬೇಕಾದ್ರೆ ತಗೊಂಡವರೇ ಒಪ್ಬೇಕು ಕಣ್ರೀ. ನಾನಂತೂ ಒಪ್ಪಲ್ಲ. ಉಳಿದವರನ್ನ ಕೇಳಿ ನೋಡಿ."

ಕೇಳಲು ಉಳಿದವರು ಯಾರೂ ಇರಲಿಲ್ಲ. ಲಿಫ್ಟು ಎಲ್ಲರನ್ನೂ ಮೂರೇ ಸಲಕ್ಕೆ ಕೆಳಗೆ ಇಳಿಸಿತ್ತು.

ಐದೂವರೆಗೆ ಅವನು ಹೆಂಡತಿಗೆ ಫೋನು ಮಾಡಿ ಎಲ್ಲವನ್ನೂ ಬಿಡಿಸಿ ಹೇಳಿದ. ಅವಳು ರೇಗಲಿಲ್ಲ.

"ಅಮ್ಮ ಮಧ್ಯಾಹ್ನವೇ ಚೀಲ ತುಂಬ್ಕೊಂಡು ಬಂದು ಕೂತಿದ್ದಾರೆ. ನಿಮ್ಮ ಸೀಟಿಗೆ ಬನ್ನಿ ಅಂತ ನಾನೇ ಹೇಳಿದ್ದೆ. ಹಾಲು ಒಲೆ ಮೇಲಿದೆ, ಮರೀದೆ ಕಾಯಿಸಿ."

ಹೋದದ್ದು ಇಷ್ಟು: ರಜೆ ಹತ್ತು ದಿನ, ಬಸ್ಸಿನ ಸೀಟು ಒಂದು, ಕಚೇರಿಯಿಂದ ಜನ ನಲವತ್ತೆರಡು.