ಕ್ಯಾಪ್ಟನ್ನರ ಕಾಲುಚೀಲ

ನನ್ನ ಮೈದುನ ಮಿಲಿಟರಿಯಲ್ಲಿ ಯಾರನ್ನು ಸೋಲಿಸಿದನೋ ತಿಳಿಯದು. ಪುತ್ತೂರಿಗೆ ಬಂದ ಮೇಲೆ ಮಾತ್ರ ಸ್ವಂತ ಕಾಲೇಜಿನ ಹುಡುಗರನ್ನೇ ಮೂರು ವರ್ಷ ತಪ್ಪದೆ ಸೋಲಿಸಿದ.

ಕ್ಯಾಪ್ಟನ್ ಆಗಿದ್ದವನು ನೌಕರಿ ಬಿಟ್ಟು ಬಂದು, ನಮ್ಮ ಮನೆಯಲ್ಲೇ ಉಳಿದು, ಎದುರಿನ ಕಾಲೇಜಿಗೆ ಫುಟ್‌ಬಾಲ್ ಕೋಚ್ ಆದ. ಬೆಳಿಗ್ಗೆ ಐದಕ್ಕೇ ವಿಸಿಲ್. ನಮ್ಮ ದನಗಳು ಎದ್ದು ನಿಲ್ಲುತ್ತಿದ್ದವು, ಹುಡುಗರು ಏಳುತ್ತಿರಲಿಲ್ಲ! ಬೂಟನ್ನು ಜಗಲಿಯಲ್ಲಿ ಬಿಟ್ಟರೂ ಉಣ್ಣೆಯ ಕಾಲುಚೀಲ ಬಿಡುವವನಲ್ಲ. ನಮ್ಮೂರಿನ ಬೇಸಗೆಯಲ್ಲಿ! ಊಟಕ್ಕೂ ಅದೇ, ನಿದ್ದೆಗೂ ಅದೇ.

"ಸ್ನಾನಕ್ಕಾದರೂ ತೆಗಿತಾನಾ ಇವ?" ಎಂದು ಅತ್ತೆ ಕೇಳುತ್ತಿದ್ದರು.

"ಬಾಗಿಲು ಹಾಕಿಕೊಳ್ತಾನೆ, ಯಾರಿಗೆ ಗೊತ್ತು?" ಎನ್ನುತ್ತಿದ್ದೆ.

ಕಾಲುಚೀಲ ಅಡುಗೆಮನೆಯ ಹೊಸ್ತಿಲು ದಾಟಬಾರದೆಂದು ಅತ್ತೆ ಕಟ್ಟಪ್ಪಣೆ ಮಾಡಿದರು. ಅವನಿಗೆ ಜಗಲಿಯಲ್ಲೇ ಎಲೆ.

ಹುಡುಗರ ಪಾಡು ಬೇರೆ. ಬೆಟ್ಟಂಪಾಡಿ, ಅಜ್ಜಾವರದ ಕಡೆಯವರು, ಗದ್ದೆಯ ಬದುವಿನಲ್ಲಿ ಬರಿಗಾಲಲ್ಲಿ ಓಡಿ ಬೆಳೆದವರು. ಇವನು ಮಂಗಳೂರಿನಿಂದ ಹಳೆಯ ಬೂಟುಗಳನ್ನು ಗೋಣಿಯಲ್ಲಿ ತಂದು, ತಾನೇ ಪಾಲಿಶ್ ಮಾಡಿ ತೊಡಿಸಿದ.

"ಬೂಟು ಒಂದು ಕಡೆ ಹೋಗ್ತದೆ ಸರ್, ನಾನು ಒಂದು ಕಡೆ" ಎಂದ ಒಬ್ಬ.

"ಬೂಟಿಲ್ಲದವ ಆಟಕ್ಕಿಲ್ಲ."

ನಾಲ್ಕನೆಯ ವರ್ಷ ಪ್ರಿನ್ಸಿಪಾಲರು ಹೇಳಿಬಿಟ್ಟರು: ಈ ಸಲವೂ ಸೋತರೆ ಬೇರೆ ಕೋಚ್. ಸಾರು ಬಡಿಸುವಾಗ ಇವನೇ ತಿಳಿಸಿದ.

"ಹಾಗಾದ್ರೆ ಬೂಟು ಬಿಚ್ಚಿಸು ಮಾರಾಯ" ಎಂದೆ.

"ಅದೊಂದು ಹೇಳ್ಬೇಡಿ ಅತ್ತಿಗೆ."

ಆಟದ ದಿನ ಮಳೆ, ಮೈದಾನವೆಲ್ಲ ಕೆಸರು. ನಾನು ಬೇಲಿಯ ಬಳಿ ನಿಂತು ನೋಡುತ್ತಿದ್ದೆ. ಅರ್ಧ ಆಟ ಮುಗಿಯುವಾಗ ನಮ್ಮವರು ಎರಡು ಗೋಲು ಹಿಂದೆ. ಇವನು ಹುಡುಗರ ಕಾಲನ್ನೇ ನೋಡುತ್ತ ನಿಂತ. ಕೊನೆಗೆ, "ಬಿಚ್ಚಿ" ಎಂದ.

ಆಮೇಲೆ ಮೂರು ಗೋಲು. ಗೆದ್ದೆವು. ಎಲ್ಲರೂ ಕುಣಿಯುತ್ತಿದ್ದರೆ ಇವನೊಬ್ಬ ಒಬ್ಬೊಬ್ಬರನ್ನೇ ಕೂರಿಸಿ ಟವೆಲಿನಿಂದ ಕಾಲು ಒರೆಸಿ ನೋಡುತ್ತಿದ್ದಾನೆ. ಗೆದ್ದವರ ಕೈ ಕುಲುಕುತ್ತಾರೆ, ಕಾಲು ಹಿಡಿಯುವವರುಂಟೇ? ಸೆರಗು ಬಾಯಿಗೆ ಒತ್ತಿ ನಕ್ಕೆ.

ಸಂಜೆ ನೆನೆದು ಬಂದವನು ಬಿಸಿನೀರು ಕೇಳಿದ. ನಾನು ತರುವಾಗ ಜಗಲಿಯಲ್ಲಿ ಕುಳಿತು ಕಾಲುಚೀಲ ತೆಗೆದಿದ್ದ. ಬಲಗಾಲಿನಲ್ಲಿ ಇದ್ದದ್ದು ಎರಡೇ ಬೆರಳು.

"ಕಾಶ್ಮೀರದ ಹಿಮ ಅತ್ತಿಗೆ" ಎಂದ. "ಒಳ್ಳೆ ಬೂಟು ಬರುವಾಗ ತಡ ಆಯ್ತು. ನಂದು ಮೂರೇ ಹೋದದ್ದು. ನನ್ನ ಕೈಕೆಳಗಿನ ಹುಡುಗರದ್ದು..." ಕಾಲನ್ನು ಬಿಸಿನೀರಿಗೆ ಇಳಿಸಿದ. "ಇವತ್ತು ಎಣಿಸಿದೆ. ಹನ್ನೊಂದು ಜನರದ್ದೂ ಪೂರ್ತಿ ಉಂಟು."

ಆ ಕಾಲುಚೀಲಗಳನ್ನು ನಾನೇ ಒಗೆದೆ. ಹೊರಗೆ ಇನ್ನೂ ಮಳೆ. ಅಡುಗೆಮನೆಗೆ ಒಯ್ದು ಒಲೆಯ ಮೇಲಿನ ಹಗ್ಗಕ್ಕೆ ಹಾಕಿದೆ. ಅತ್ತೆ ತಲೆಯೆತ್ತಿ ನೋಡಿದರು. ಒಲೆಗೆ ಇನ್ನೊಂದು ಕೊಳ್ಳಿ ಇಟ್ಟರು.